ಓಪನ್ ಸ್ಪೆಕ್ ಅಂತೀವಿ, ಒಳಗೆ ಕಾಸು ಕೊಟ್ಟು ಕೊಳ್ಳೋ ಸ್ಟ್ಯಾಂಡರ್ಡ್ ಹೆಸ್ರು ಹಾಕ್ಬಹುದಾ?

ಕ್ಯಾತ್ಸಂದ್ರ_ಕೋಡರ್:
ತುಮಕೂರಲ್ಲಿ ನಾವು ಮೂರ್ನಾಲ್ಕು ಜನ ಸೇರ್ಕೊಂಡು ಬೋರ್‌ವೆಲ್ ಮೋಟ್ರು ಎಷ್ಟು ಯೂನಿಟ್ ಎಳೀತು ಅಂತ ಚೆಕ್ ಮೀಟರಿಂದ ಓದೋ ಸಣ್ಣ ಬಾಕ್ಸ್ ಮಾಡ್ತಿದೀವಿ, ಸ್ಪೆಕ್ಕು (ಹೆಂಗೆ ಮಾಡ್ಬೇಕು ಅನ್ನೋ ವಿವರ) ಯಾರ್ ಬೇಕಾದ್ರೂ ಓದಿ ತಾವೇ ಮಾಡ್ಕೊಳ್ಳೋ ಹಂಗೆ ಓಪನ್ನಾಗಿ ಇಡೋ ಆಸೆ. ಮೀಟರ್ ಮಾತಾಡೋ ರೀತಿ ಐಎಸ್ 15959 ಅನ್ನೋ ಭಾರತದ ಸ್ಟ್ಯಾಂಡರ್ಡಲ್ಲಿದೆ, ಅದನ್ನ ಹೊರತರೋ ಬಿಐಎಸ್ ಸೈಟಲ್ಲಿ ಫ್ರೀಯಾಗೇ ಸಿಕ್ತು, ಖುಷಿ ಆಯ್ತು. ತೆಗೆದು ನೋಡಿದ್ರೆ ಮಾತೆತ್ತಿದ್ರೆ ಐಇಸಿ (ವಿದ್ಯುತ್ ಸ್ಟ್ಯಾಂಡರ್ಡ್ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ) 62056 ನೋಡಿ ಅನ್ನುತ್ತೆ, ಅದಕ್ಕೆ ದುಡ್ಡು, ಅದು ಫ್ರೇಮಿಗೆ (ಡೇಟಾ ಕಟ್ಟಿ ಕಳಿಸೋ ಪೊಟ್ಟಣ) ಇನ್ನೊಂದು ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಓದ 13239 ಕಡೆ ಕೈ ತೋರ್ಸುತ್ತೆ, ಅದಕ್ಕೂ ದುಡ್ಡು. ದೇವ್ರು ವರ ಕೊಟ್ರೂ ಪೂಜಾರಿ ಕೊಡಲ್ಲ ಅಂದಂಗಾಯ್ತು. ಇವನ್ನ ರೆಫರ್ ಮಾಡಿ ನಮ್ದು ಓಪನ್ ಅಂದ್ರೆ ಸುಳ್ಳಲ್ವಾ?

ರಾಗಿಮುದ್ದೆ_ರೂಟ್:
ಸುಳ್ಳೇ. ಹೆಸ್ರೇ ಹಾಕ್ಬೇಡಿ, ಬೇಕಾದಷ್ಟನ್ನ ನೀವೇ ಬರೀರಿ. ತಾರೀಖು ಟೈಮಿಗೆ ಐಎಸ್‌ಓ 8601 ಇದೆ, ಕಾಸು ಕೊಡ್ಬೇಕು, ಆದ್ರೆ 2002ರ ಆರ್‌ಎಫ್‌ಸಿ 3339 (ಆರ್‌ಎಫ್‌ಸಿ ಅಂದ್ರೆ ಇಂಟರ್ನೆಟ್ ನಿಯಮಗಳ ಫ್ರೀ ದಾಖಲೆ) ಅದ್ರಲ್ಲಿ ಇಂಟರ್ನೆಟ್ಟಿಗೆ ಬೇಕಾಗಿದ್ದನ್ನ ಮಾತ್ರ ಎತ್ಕೊಂಡು ಗ್ರಾಮರ್ ಸಮೇತ ಬರೆದಿಟ್ಟಿದೆ, ಟೈಮ್‌ಸ್ಟ್ಯಾಂಪ್ ಕೋಡ್ ಬರೆಯೋನು 8601ರ ಮುಖಾನೂ ನೋಡ್ಬೇಕಿಲ್ಲ.

ಸಿರಾಗೇಟ್_ಸಿಗ್ನಲ್:
@ರಾಗಿಮುದ್ದೆ_ರೂಟ್ ಆದ್ರೆ ಗುರು, ಆ 3339 ಕೂಡ 8601 ಹೆಸ್ರು ಹೇಳೇ ಹೇಳುತ್ತೆ, ಮುಚ್ಚಿಟ್ಟಿಲ್ಲ. ಮೀಟರ್ ಮಾಡೋನು ಐಇಸಿ ನೋಡಿ ಮಾಡಿರ್ತಾನೆ, ನೀವು ಬರೆದಿದ್ರಲ್ಲಿ ಒಂದು ಬೈಟ್ ಹಿಂದೆಮುಂದೆ ಆದ್ರೆ ಓದೋನು ಎಲ್ಲಿ ಹೋಗಿ ತಾಳೆ ನೋಡ್ಬೇಕು? ಹೆಸ್ರು ಇರ್ಲಿ, ಆದ್ರೆ ನಾರ್ಮೆಟಿವ್ (ಪಾಲಿಸಲೇಬೇಕಾದ) ಪಟ್ಟೀಲಿ ಬೇಡ, ಇನ್ಫರ್ಮೆಟಿವ್‌ಗೆ (ಬರೀ ಮಾಹಿತಿಗೆ) ಹಾಕಿ. ಅದನ್ನ ಕೊಳ್ಳದೇನೂ ಬಾಕ್ಸ್ ಮಾಡಕ್ಕಾಗ್ಬೇಕು, ಅಷ್ಟೇ ಲೆಕ್ಕ. ಮತ್ತೆ ಅವರ ಟೇಬಲ್ಲು ವಾಕ್ಯ ಹಂಗಂಗೇ ಕಾಪಿ ಹೊಡೀಬೇಡಿ, ಕಾಪಿರೈಟ್ ತಲೆನೋವು.

ಹಳೇ_ಮೋಡೆಮ್:
ದುಡ್ಡು ಕೊಡೋಕೆ ಮುಂಚೆ ಹಿತ್ಲ ಬಾಗ್ಲು ಇದ್ಯಾ ನೋಡಿ. ಎಷ್ಟೋ ಸಲ ಒಂದೇ ಪಠ್ಯಕ್ಕೆ ಎರಡು ನಂಬರ್ ಇರುತ್ತೆ: ಜೆಪೆಗ್ ಐಎಸ್‌ಓ ಹತ್ರ 10918-1, ಐಟಿಯು (ವಿಶ್ವಸಂಸ್ಥೆಯ ಟೆಲಿಕಾಂ ಸಂಸ್ಥೆ) ಹತ್ರ ಟಿ.81, ಎರಡನೇದು ಫ್ರೀ. ನಿಮ್ಮ ಮೀಟರ್ ಕನೆಕ್ಷನ್ ಶುರು ಮಾಡೋವಾಗ ಬಳಸೋ ಬಿಇಆರ್ ಎನ್ಕೋಡಿಂಗೂ (ಡೇಟಾನ ಬೈಟ್ ಮಾಡೋ ರೀತಿ) ಹಂಗೇ, ಐಟಿಯು ಎಕ್ಸ್.690ಯಲ್ಲಿ ಸಿಗುತ್ತೆ. ಫ್ರೇಮಿನ ಚೆಕ್‌ಸಮ್ಮಿಗೆ (ಡೇಟಾ ಕೆಟ್ಟಿದ್ಯಾ ಅಂತ ನೋಡೋ ಲೆಕ್ಕ) 13239 ಬೇಡ್ವೇ ಬೇಡ, ಡಯಲಪ್ ಕಾಲದ ಕನೆಕ್ಷನ್ ನಿಯಮ ಪಿಪಿಪಿಗೆ 1994ರಲ್ಲಿ ಬರೆದ ಆರ್‌ಎಫ್‌ಸಿ 1662ರಲ್ಲಿ ಅದೇ 16 ಬಿಟ್ ಚೆಕ್‌ಸಮ್ (ಎಫ್‌ಸಿಎಸ್), ಸಿ ಭಾಷೆಯ ಕೋಡ್ ಸಮೇತ ಇದೆ (ಆ ಕೋಡ್ ನೋಡಿ ಎಷ್ಟು ವರ್ಷ ಆಯ್ತೋ). ಅಡ್ರೆಸ್ಸು, ಲೆಂತ್ ಭಾಗ ಮಾತ್ರ ಅಲ್ಲಿಲ್ಲ, ಅದನ್ನ ನೀವೇ ಬರೀಬೇಕು.

ಇನ್ನು ಕಾನೂನೇ ಒಂದು ಸ್ಟ್ಯಾಂಡರ್ಡ್ ಕಡೆ ಬೆರಳು ತೋರ್ಸಿದ್ರೆ ಅದು ಬೇರೇನೇ ಮಾತು. ಮಕ್ಕಳ ಆಟಿಕೆ ಸುರಕ್ಷತೆ ಸ್ಟ್ಯಾಂಡರ್ಡ್‌ಗಳ ಕೇಸಲ್ಲಿ 2024ರ ಮಾರ್ಚಲ್ಲಿ ಯುರೋಪಿನ ನ್ಯಾಯಾಲಯ ಜನ ಅದನ್ನ ನೋಡೋಕೆ ಬಿಡ್ಬೇಕು ಅಂದಿದೆ. ನಿಮ್ಮ ಬಾಕ್ಸು ಕಾನೂನಲ್ಲ ಬಿಡಿ.

ಕ್ಯಾತ್ಸಂದ್ರ_ಕೋಡರ್:
ಹಳೇ ಮೋಡೆಮ್ ಸಾರ್‌ಗೆ ಒಂದು ಪ್ಲೇಟ್ ತಟ್ಟೆ ಇಡ್ಲಿ ನನ್ ಕಡೆಯಿಂದ. 1662ರ ಕೋಡ್ ಹಾಕ್ದೆ, ಚೆಕ್‌ಸಮ್ ಕೂಡ್ತು, ಮೀಟರ್ ಮೊದಲ್ನೇ ಸಲ ತಿರುಗಿ ಉತ್ತರ ಕೊಡ್ತು. ಐಇಸಿನ ಇನ್ಫರ್ಮೆಟಿವ್‌ಗೆ ತಳ್ಳಿದೀನಿ, ಲೆಂತ್ ಫೀಲ್ಡ್ ವಿವರ ನನ್ನ ಮಾತಲ್ಲೇ ಬರೀತಿದೀನಿ, ನಾಳೆ ಹಾಕ್ತೀನಿ, ತಪ್ಪಿದ್ರೆ ಬೈರಿ.