ಚಪ್ಪೆ ರೋಗ: ಬಾವಿನಲ್ಲಿ ಚರಚರ ಸದ್ದು ಬಂದ ಮೇಲೆ ಪೆನ್ಸಿಲಿನ್ ಎಷ್ಟು, ಹೇಗೆ?

ಹೊಸ_ಪಶುವೈದ್ಯ

ಎಲ್ಲರಿಗೂ ನಮಸ್ಕಾರ. ಕೆರೆ ಅಂಚಿನ ಊರು, ಈಗಷ್ಟೇ ಮುಂಗಾರು ಹಿಡಿದಿದೆ. ಒಂದೇ ಕೊಟ್ಟಿಗೆಯ ಎರಡು ಮಿಶ್ರತಳಿ ಕಡಸುಗಳು, ಎರಡಕ್ಕೂ ಒಂದೂಕಾಲು ವರ್ಷ, ಮೈ ತುಂಬಿಕೊಂಡಿವೆ. ಒಂದು ರಾತ್ರಿ ಮೇವು ತಿಂದಿತ್ತು, ಬೆಳಿಗ್ಗೆ ಸತ್ತು ಬಿದ್ದಿದೆ. ಇನ್ನೊಂದು, ತೂಕ ಸುಮಾರು 150 ಕೆಜಿ, ಬಲ ಹಿಂಗಾಲು ನೆಲಕ್ಕೆ ಊರುತ್ತಿಲ್ಲ, ಜ್ವರ 106 ಡಿಗ್ರಿ, ಮೆಲುಕು ನಿಂತಿದೆ. ಚಪ್ಪೆಯ ಮೇಲೆ ಅಂಗೈ ಅಗಲದ ಬಾವು. ಬಿಸಿಯಿದೆ, ಮುಟ್ಟಿದರೆ ಒದೆಯುತ್ತದೆ, ನಡುಭಾಗ ಒತ್ತಿದರೆ ಚರಚರ ಅನ್ನುತ್ತದೆ. ಗಾಯ ಎಲ್ಲೂ ಇಲ್ಲ. ಲಸಿಕೆ ಆಗಿಲ್ಲ.

ಪೆನ್ಸಿಲಿನ್ ಪ್ರಮಾಣ ಒಂದು ಕಡೆ ಕೆಜಿಗೆ 10,000 ಯೂನಿಟ್ ಅಂತಿದೆ, ಇನ್ನೊಂದು ಕಡೆ 44,000. ಯಾವುದು ಸರಿ? ಕೈಯಲ್ಲಿ ಹೆಚ್ಚಾಗಿ ಇರುವುದು ಸ್ಟ್ರೆಪ್ಟೊ-ಪೆನ್ಸಿಲಿನ್ ಎರಡೂವರೆ ಗ್ರಾಂ ವೈಲು. ಬಾವನ್ನು ಕೊಯ್ದು ಗಾಳಿ ಆಡಿಸಬೇಕೆ? ಸತ್ತದ್ದರ ಮರಣೋತ್ತರ ಪರೀಕ್ಷೆ ಮಾಡಲೇ? ಕೊಟ್ಟಿಗೆಯಲ್ಲಿ ಇನ್ನೂ ಒಂಬತ್ತು ರಾಸುಗಳಿವೆ.

ಲ್ಯಾಬ್_ಮೇಜು

ಸತ್ತದ್ದನ್ನು ಮುಟ್ಟುವ ಮುಂಚೆ ಇದನ್ನು ಓದಿ. ರಾತ್ರೋರಾತ್ರಿ ಸತ್ತ ರಾಸು ಅಂದರೆ ಮೊದಲು ನೆರಡಿ ರೋಗ (ಆಂಥ್ರಾಕ್ಸ್) ಅಲ್ಲ ಅನ್ನುವುದನ್ನು ಖಚಿತ ಮಾಡಿಕೊಳ್ಳಬೇಕು, ಚಪ್ಪೆ ಆಮೇಲೆ. ಮೂಗು, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಬಂದಿದೆಯೇ ನೋಡಿ. ಬಂದಿರಲಿ, ಬಾರದಿರಲಿ, ಗ್ಲೌಸ್ ಹಾಕಿ ಕಿವಿಯ ರಕ್ತನಾಳ ಚುಚ್ಚಿ ಒಂದು ಸ್ಲೈಡ್ ತೆಗೆಯಿರಿ. ಚುಚ್ಚಿದ ಜಾಗಕ್ಕೆ ಸೋಂಕುನಿವಾರಕದಲ್ಲಿ ಅದ್ದಿದ ಹತ್ತಿ ಒತ್ತಿಬಿಡಿ. ಪಾಲಿಕ್ರೋಮ್ ಮೆಥಿಲೀನ್ ಬ್ಲೂ ಬಣ್ಣದಲ್ಲಿ, ತುದಿ ಚೌಕಾಗಿರುವ ನೀಲಿ ಕಡ್ಡಿಗಳ ಸುತ್ತ ಗುಲಾಬಿ ಕವಚ ಕಂಡರೆ ಅದು ನೆರಡಿ. ಕಂಡರೆ ಹೆಣ ತೆರೆಯುವ ಮಾತೇ ಇಲ್ಲ.

ಚಪ್ಪೆಗೆ ಪೂರ್ತಿ ಮರಣೋತ್ತರ ಪರೀಕ್ಷೆಯ ಅಗತ್ಯ ಇಲ್ಲವೇ ಇಲ್ಲ. ಬದುಕಿರುವ ಕಡಸಿನಿಂದಲೇ ಮಾದರಿ ಸಿಗುತ್ತದೆ. ಮದ್ದು ಕೊಡುವ ಮುಂಚೆ ಬಾವಿನ ಮೇಲಿನ ಕೂದಲು ಬೋಳಿಸಿ, ಸ್ಪಿರಿಟ್ ಒರೆಸಿ, 16 ಅಥವಾ 18 ಗೇಜಿನ ಸೂಜಿಯಿಂದ ಕೆಂಪು ನೀರು ಎಳೆದುಕೊಳ್ಳಿ. ಸಿರಿಂಜಿನೊಳಗಿನ ಗಾಳಿ ಹೊರಹಾಕಿ ಬಾಯಿ ಮುಚ್ಚಿ. ಆಮ್ಲಜನಕ ತಾಗಿದರೆ ಬೆಳೆಯುತ್ತಿರುವ ಚಪ್ಪೆ ಕ್ರಿಮಿ, ಕ್ಲಾಸ್ಟ್ರಿಡಿಯಂ ಶೋವಿಯೈ, ಸಾಯುತ್ತದೆ, ಬರೀ ಸ್ವಾಬ್ ಕಳಿಸಿದರೆ ಕಲ್ಚರ್‌ನಲ್ಲಿ ಏನೂ ಬೆಳೆಯದಿರುವುದು ಅದಕ್ಕೇ. ಒಂದೆರಡು ಹನಿಯಲ್ಲಿ ಎರಡು ಸ್ಮಿಯರ್ ಮಾಡಿ ಗ್ರಾಂ ಸ್ಟೇನ್ ಹಾಕಿ. ನೇರಳೆ ಕಡ್ಡಿಗಳು, ಒಂಟಿ ಅಥವಾ ಜೋಡಿ, ಕೆಲವದರಲ್ಲಿ ತುದಿಯ ಹತ್ತಿರ ಬಣ್ಣ ಹಿಡಿಯದ ಉಬ್ಬು. ಆ ಉಬ್ಬೇ ಬೀಜಾಣು. ಉದ್ದನೆಯ ದಾರದಂತೆ ಎಳೆದುಕೊಂಡಿದ್ದರೆ ಕ್ಲಾಸ್ಟ್ರಿಡಿಯಂ ಸೆಪ್ಟಿಕಂ ಅನುಮಾನಿಸಿ, ಅದು ಸಾಮಾನ್ಯವಾಗಿ ಗಾಯದ ಮೂಲಕ ಬರುವ ಸೋಂಕು.

ಸತ್ತದ್ದರ ಸ್ನಾಯುವೇ ಬೇಕೆಂದರೆ, ನೆರಡಿ ಇಲ್ಲ ಅಂತ ತಿಳಿದ ಮೇಲೆ, ಬಾವಿನ ಮೇಲೆ ಚಿಕ್ಕದಾಗಿ ಕೊಯ್ದು ಒಂದು ತುಂಡು, ಬಿಗಿ ಮುಚ್ಚಳದ ಶೀಶೆಗೆ, ಐಸ್ ಮೇಲೆ. ಕಪ್ಪಗೆ, ಒಣಗಿದಂತೆ, ಸ್ಪಂಜಿನ ಹಾಗೆ ಗಾಳಿಗುಳ್ಳೆ ಇರುತ್ತದೆ, ಹಳಸಿದ ಬೆಣ್ಣೆಯ ವಾಸನೆ. ಸತ್ತು ಕೆಲವು ಗಂಟೆಗಳೊಳಗೆ ತೆಗೆದರೆ ಮಾತ್ರ ಬೆಲೆ. ತಡವಾದಷ್ಟೂ ಕರುಳಿನಲ್ಲಿದ್ದ ಸೆಪ್ಟಿಕಂ ಸ್ನಾಯುವಿಗೆ ಇಳಿಯುತ್ತದೆ, ಲ್ಯಾಬಿನಲ್ಲಿ ಅದೇ ಮುಂದಾಗಿ ಬೆಳೆದು ತಪ್ಪು ಹೆಸರು ಬರುತ್ತದೆ. ಜಿಲ್ಲಾ ಪ್ರಯೋಗಾಲಯಕ್ಕೆ ಅಥವಾ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಗೆ ಕಳಿಸುವಾಗ ಪಿಸಿಆರ್ (ಕ್ರಿಮಿಯ ಡಿಎನ್ಎ ಗುರುತಿಸುವ ಪರೀಕ್ಷೆ) ಬೇಕೆಂದು ಚೀಟಿಯಲ್ಲೇ ಬರೆಯಿರಿ. ವರದಿಗೆ ಕಾದು ಚಿಕಿತ್ಸೆ ಶುರುಮಾಡುವ ಕಾಯಿಲೆ ಇದಲ್ಲ. ವರದಿ ಬೇಕಿರುವುದು ಉಳಿದ ಒಂಬತ್ತಕ್ಕೆ ಮತ್ತು ಊರಿಗೆ.

ಬಯಲುಸೀಮೆ_ಡಾಕ್ಟ್ರು

ಮಾದರಿ ಎಳೆದುಕೊಂಡ ಕೂಡಲೇ ಮದ್ದು. ಈ ರೋಗದಲ್ಲಿ ಗಂಟೆ ಲೆಕ್ಕ, ದಿನದ ಲೆಕ್ಕ ಅಲ್ಲ. ಕುಂಟು ಶುರುವಾಗಿ 12ರಿಂದ 48 ಗಂಟೆಯಲ್ಲಿ ಹೋಗಿಬಿಡುತ್ತದೆ.

10,000 ಸಾಲದು. ಸಾಯುತ್ತಿರುವ ಸ್ನಾಯುವಿಗೆ ರಕ್ತವೇ ಸರಿಯಾಗಿ ಹೋಗುತ್ತಿಲ್ಲ, ಹೋಗುವ ಅಷ್ಟಿಷ್ಟು ರಕ್ತದಲ್ಲಿ ಮದ್ದು ದಟ್ಟವಾಗಿರಬೇಕು. ಮೊದಲ ಡೋಸ್ ಕ್ರಿಸ್ಟಲೈನ್ ಪೆನ್ಸಿಲಿನ್, ಕೆಜಿಗೆ 20,000 ಯೂನಿಟ್, ಕೊರಳ ರಕ್ತನಾಳಕ್ಕೆ. ನಿಮ್ಮ ಕಡಸಿಗೆ 30 ಲಕ್ಷ, ಅಂದರೆ 10 ಲಕ್ಷದ ಮೂರು ವೈಲು. ನಿಧಾನವಾಗಿ ಬಿಡಿ. ಲೇಬಲ್ ಮೇಲೆ ಪೊಟ್ಯಾಸಿಯಂ ಅಂತಿದ್ದರೆ ಡ್ರಿಪ್‌ನಲ್ಲೇ ಹಾಕಿ, ಒಮ್ಮೆಲೇ ತಳ್ಳಿದರೆ ಗುಂಡಿಗೆ ನಿಲ್ಲಬಹುದು. ಮೊದಲ ದಿನ ಆರು ಗಂಟೆಗೊಮ್ಮೆ ಇದೇ. ಜೊತೆಗೆ ಪ್ರೊಕೇನ್ ಪೆನ್ಸಿಲಿನ್ ಕೆಜಿಗೆ 22,000, ಅಂದರೆ 33 ಲಕ್ಷ, 12 ಗಂಟೆಗೊಮ್ಮೆ (ದಿನಕ್ಕೆ ಒಟ್ಟು ಕೆಜಿಗೆ 44,000), ಆರೋಗ್ಯವಾಗಿರುವ ಕಡೆಯ ಸ್ನಾಯುವಿಗೆ. ಪ್ರೊಕೇನ್ ಹಾಲಿನಂಥ ಮದ್ದು, ರಕ್ತನಾಳಕ್ಕೆ ಯಾವತ್ತೂ ಹೋಗಬಾರದು. ಪ್ರತಿ ಸಲ ಹಿಂದಕ್ಕೆಳೆದು ನೋಡಿ. ಆ 33 ಲಕ್ಷದಲ್ಲಿ ಸ್ವಲ್ಪ ಭಾಗವನ್ನು ಬಾವಿನ ಅಂಚಿನಲ್ಲಿ ಸುತ್ತಲೂ ನಾಲ್ಕೈದು ಕಡೆ ಕೊಡಿ. ನಡುಭಾಗಕ್ಕೆ ಚುಚ್ಚಿದರೆ ಮದ್ದು ಅಲ್ಲೇ ನಿಲ್ಲುತ್ತದೆ, ಉಳಿಸಬೇಕಾದ್ದು ಅಂಚಿನಲ್ಲಿರುವ ಜೀವಂತ ಸ್ನಾಯುವನ್ನು. ಬದುಕಿದರೆ ಪ್ರೊಕೇನ್ 5ರಿಂದ 7 ದಿನ.

ಸ್ಟ್ರೆಪ್ಟೊ-ಪೆನ್ಸಿಲಿನ್ ವೈಲಿನ ತೊಂದರೆ ಬೇರೆ. ಎರಡೂವರೆ ಗ್ರಾಂ ವೈಲಿನಲ್ಲಿ ಪೆನ್ಸಿಲಿನ್ ಇರುವುದು 20 ಲಕ್ಷ. ದಿನಕ್ಕೆ 66 ಲಕ್ಷ ಮುಟ್ಟಿಸಲು ಹೋದರೆ ಎಂಟು ಗ್ರಾಂ ಮೀರಿ ಸ್ಟ್ರೆಪ್ಟೊಮೈಸಿನ್ ಒಳಗೆ ಹೋಗುತ್ತದೆ, ಕೆಜಿಗೆ 50 ಮಿಲಿಗ್ರಾಂ ದಾಟುತ್ತದೆ. ಆ ಗುಂಪಿನ ಮದ್ದು ಬ್ಯಾಕ್ಟೀರಿಯಾದ ಒಳಹೋಗಲು ಆಮ್ಲಜನಕ ಬೇಕು, ಇಲ್ಲಿ ಅದೇ ಇಲ್ಲ. ಉಪಯೋಗ ಸೊನ್ನೆ, ಮೂತ್ರಪಿಂಡಕ್ಕೆ ಹೊರೆ. ಬೇರೆ ಏನೂ ಸಿಗದಿದ್ದರೆ ಒಂದು ವೈಲು ಕೊಟ್ಟು, ಉಳಿದದ್ದಕ್ಕೆ ಮೆಡಿಕಲ್ ಅಂಗಡಿಯಿಂದ ಕ್ರಿಸ್ಟಲೈನ್ ತರಿಸಿ.

ನೋವಿಗೆ ಮೆಲಾಕ್ಸಿಕಾಂ ಕೆಜಿಗೆ 0.5 ಮಿಲಿಗ್ರಾಂ, ಮಿಲಿಗೆ 5 ಮಿಲಿಗ್ರಾಂ ಇರುವ ಬಾಟಲಿಯಾದರೆ 15 ಮಿಲಿ. ಡೈಕ್ಲೊಫೆನಾಕ್ ಬೇಡ. 2006ರಿಂದ ಜಾನುವಾರುಗಳಿಗೆ ನಿಷೇಧ, ಆದರೂ ಮನುಷ್ಯರ ವೈಲು ತಂದು ಚುಚ್ಚುವವರಿದ್ದಾರೆ. ಹೆಣ ಬಯಲಿಗೆ ಬಿದ್ದರೆ ರಣಹದ್ದುಗಳ ಪಾಲಿಗೆ ವಿಷ. ಡೆಕ್ಸಾಮೆಥಸೋನ್ ಕೂಡ ಬೇಡ. ರಿಂಗರ್ ಲ್ಯಾಕ್ಟೇಟ್ ಎರಡು ಮೂರು ಲೀಟರ್ ಕೊಡಿ.

ಸದ್ದು ಬಂದಾಗಿದೆ ಅಂದರೆ ಉಳಿಯುವ ಸಾಧ್ಯತೆ ಕಡಿಮೆ. ರೈತರಿಗೆ ಮೊದಲ ಸೂಜಿಗೆ ಮುಂಚೆಯೇ ಹೇಳಿಬಿಡಿ.

ಗೋಮಾಳ_ಗೌಡ

ಡಾಕ್ಟ್ರೇ, ನಮ್ಮ ಕಡೆ ಇಂಥ ಬಾವಿಗೆ ಬರೆ ಎಳೀತಾರೆ, ಇಲ್ಲಾ ಚೂರಿಯಲ್ಲಿ ಗೀರ್ತಾರೆ. ಗಾಳಿ ತಾಗಿದರೆ ಕ್ರಿಮಿ ಸಾಯುತ್ತೆ ಅಂದಮೇಲೆ ಗೀರೋದು ಸರಿಯಲ್ಲವೇ?

ಬಯಲುಸೀಮೆ_ಡಾಕ್ಟ್ರು

ಗೌಡ್ರೇ, ಬರೆಯಿಂದ ಏನೂ ಇಲ್ಲ. ಸುಡುವುದು ಚರ್ಮ, ರೋಗ ಇರುವುದು ನಾಲ್ಕು ಬೆರಳು ಆಳದಲ್ಲಿ. ಗೀರುವುದರಲ್ಲಿ ತರ್ಕ ಇದೆ, ಆದರೆ ಗಾಳಿ ಮುಟ್ಟುವುದು ಕೊಯ್ದ ಗೆರೆಯನ್ನಷ್ಟೇ. ಹರಿದ ನೀರಿನ ತುಂಬ ಬೀಜಾಣು ಇರುತ್ತದೆ, ಅದು ಕೊಟ್ಟಿಗೆಯ ಮಣ್ಣಿಗೆ ಇಳಿದರೆ ವರ್ಷಗಟ್ಟಲೆ ಕೂತಿರುತ್ತದೆ. ಪೆನ್ಸಿಲಿನ್‌ಗೆ ಜಗ್ಗಿ ಜ್ವರ ಇಳಿದು, ರಾಸು ಮೇವು ಮುಟ್ಟಿ, ಬಾವಿನ ಚರ್ಮ ಸತ್ತು ಬೇರೆಯಾಗತೊಡಗಿದರೆ ಆಗ ತೆರೆಯಬಹುದು. ಸಿಮೆಂಟ್ ನೆಲದ ಮೇಲೆ, ಹೈಡ್ರೋಜನ್ ಪೆರಾಕ್ಸೈಡ್‌ನಿಂದ ತೊಳೆದು, ಬಿದ್ದದ್ದನ್ನೆಲ್ಲ ಒಟ್ಟುಮಾಡಿ ಸುಡಬೇಕು. ಮೊದಲ ದಿನ ಚೂರಿ ಬೇಡ.

ಲಸಿಕೆ_ಪೆಟ್ಟಿಗೆ

ಉಳಿದ ಒಂಬತ್ತರ ಬಗ್ಗೆ ಯಾರೂ ಹೇಳಿಲ್ಲ. ಅಪಾಯ ಎಲ್ಲಕ್ಕೂ ಒಂದೇ ಅಲ್ಲ. ಆರು ತಿಂಗಳಿಂದ ಎರಡು ವರ್ಷದೊಳಗಿನ, ಚೆನ್ನಾಗಿ ಮೈ ಹಿಡಿದ ಕರುಗಳೇ ಮೊದಲು ಬೀಳುವುದು. ಮಣ್ಣು ಹತ್ತಿದ ಹುಲ್ಲಿನ ಜೊತೆ ಹೊಟ್ಟೆಗೆ ಹೋದ ಬೀಜಾಣು ಕರುಳಿನಿಂದ ಸ್ನಾಯುವಿಗೆ ಬಂದು ಮಲಗಿರುತ್ತದೆ. ಗುದ್ದಾಟದಲ್ಲೋ ಜಾರಿ ಬಿದ್ದೋ ಒಳಪೆಟ್ಟಾಗಿ ಅಲ್ಲಿ ಆಮ್ಲಜನಕ ತಗ್ಗಿದರೆ ಎದ್ದೇಳುತ್ತದೆ. ಹೊರಗೆ ಗಾಯ ಕಾಣದಿರುವುದು ಅದಕ್ಕೆ. ಕುರಿಯಲ್ಲಿ ಹಾಗಲ್ಲ, ಉಣ್ಣೆ ಕತ್ತರಿಸಿದ, ಬೀಜ ಒಡೆದ ಗಾಯದಿಂದಲೇ ಹೆಚ್ಚು.

ಇವತ್ತೇ ಆ ಮೇವಿನ ಜಾಗ ಬಿಡಿಸಿ. ಇವತ್ತೇ ಎಲ್ಲಕ್ಕೂ ಲಸಿಕೆ. ಬರೀ ಚಪ್ಪೆ ಲಸಿಕೆಯಾದರೆ ಸಾಮಾನ್ಯವಾಗಿ 5 ಮಿಲಿ ಚರ್ಮದಡಿ. ಗಳಲೆ ರೋಗದ್ದೂ ಸೇರಿದ್ದರೆ ಪ್ರಮಾಣ ಬೇರೆ, ಬಾಟಲಿ ನೋಡಿ. 2ರಿಂದ 8 ಡಿಗ್ರಿಯಲ್ಲಿ ಇಟ್ಟದ್ದಾಗಿರಬೇಕು. ಫ್ರೀಜರ್‌ನಲ್ಲಿ ಗಟ್ಟಿಯಾಗಿ ಕರಗಿದ ಬಾಟಲಿ ಎಸೆಯಿರಿ: ಅದರಲ್ಲಿನ ಅಲ್ಯೂಮಿನಿಯಂ ಅಂಶ ಗರಣೆ ಕಟ್ಟಿ ಶಕ್ತಿ ಹೋಗಿರುತ್ತದೆ. ರಕ್ಷಣೆ ಬರಲು ಸುಮಾರು ಎರಡು ವಾರ. ಆ ನಡುವೆ ಎಳೆಯ ರಾಸುಗಳಿಗೆ ಬೆಂಜಾಥಿನ್ ಸೇರಿದ ದೀರ್ಘಾವಧಿ ಪೆನ್ಸಿಲಿನ್ ಕೊಡಿ. ಪೆನ್ಸಿಲಿನ್ ಕೊಟ್ಟರೆ ಲಸಿಕೆ ಕೆಡುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಚಪ್ಪೆ ಲಸಿಕೆ ಫಾರ್ಮಾಲಿನ್‌ನಿಂದ ಕೊಂದದ್ದು, ಕೆಡುವುದಿಲ್ಲ. ನೆರಡಿ ಲಸಿಕೆ ಜೀವಂತ ಬೀಜಾಣುವಿನದು, ಅದರ ಜೊತೆ ಮಾತ್ರ ಪೆನ್ಸಿಲಿನ್ ಕೂಡದು. ಕರೆಯುವ ಹಸುಗಳಿಗೆ ಸುಮ್ಮನೆ ಪೆನ್ಸಿಲಿನ್ ಬೇಡ, ಹಾಲು ಡೇರಿಗೆ ಹೋಗುತ್ತದೆ. ದಿನಕ್ಕೆರಡು ಸಲ ಜ್ವರ ನೋಡಿ; ನೆರಳಲ್ಲಿ ನಿಂತ ರಾಸಿಗೆ 103 ದಾಟಿದರೆ ಕುಂಟಿಗೆ ಕಾಯದೆ ಪೂರ್ತಿ ಡೋಸ್ ಶುರುಮಾಡಿ. ಕುಂಟು ಒಂದು ಕಾಲಿಂದ ಇನ್ನೊಂದಕ್ಕೆ ಬದಲಾಗುತ್ತಾ ಬಾವೇ ಇಲ್ಲದಿದ್ದರೆ ಅದು ಮೂರು ದಿನದ ಜ್ವರ, ಗಾಬರಿ ಬೇಡ.

ಹೆಣದ ಚರ್ಮ ಸುಲಿಯಲು ಬಿಡಬೇಡಿ. ಕೆರೆ, ಬಾವಿಯಿಂದ ದೂರ ಆರಡಿ ಆಳದ ಗುಂಡಿ, ಮೂಗು ಗುದಕ್ಕೆ ಹತ್ತಿ, ಮೇಲೆ ಮುಳ್ಳು ಹೊದಿಸಿದರೆ ನಾಯಿ ಕೆದಕುವುದಿಲ್ಲ. ಸೌದೆ ಸಿಕ್ಕರೆ ಸುಡುವುದೇ ಮೇಲು. ಸ್ಲೈಡಿನಲ್ಲಿ ನೆರಡಿ ಬಂದರೆ ಸುಣ್ಣ ಸುರಿಯಬೇಡಿ. ಸುಣ್ಣದ ಕ್ಯಾಲ್ಸಿಯಂ ಆ ಬೀಜಾಣು ಉಳಿಯಲು ನೆರವಾಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿಯೇ ಬೇಡ ಅನ್ನುತ್ತದೆ.

ಹೊಸ_ಪಶುವೈದ್ಯ

ಕಿವಿಯ ಸ್ಲೈಡಿನಲ್ಲಿ ಏನೂ ಇಲ್ಲ. ಬಾವಿನ ನೀರಿನಲ್ಲಿ ನೇರಳೆ ಕಡ್ಡಿ, ಉಬ್ಬು, ಎರಡೂ ಇವೆ. ಕ್ರಿಸ್ಟಲೈನ್ ಎರಡು ಸಲ ಆಯಿತು. ಜ್ವರ 106ರಿಂದ 100ಕ್ಕೆ ಇಳಿದಿದೆ, ಬಾವು ಮುಟ್ಟಿದರೆ ಈಗ ಒದೆಯುತ್ತಿಲ್ಲ. ಸುಧಾರಣೆ ಅನ್ನಬಹುದೆ?

ಬಯಲುಸೀಮೆ_ಡಾಕ್ಟ್ರು

ಬಾವು ಬಿಸಿಯಿದೆಯೋ ತಣ್ಣಗಿದೆಯೋ ಮೊದಲು ನೋಡಿ. ತಣ್ಣಗಾಗಿ, ಚರ್ಮ ಒಣಗಿ ಕಪ್ಪಾಗಿ, ನೋವೂ ಇಲ್ಲ ಅಂದರೆ ಆ ಭಾಗ ಸತ್ತಿದೆ ಅಂತ. ಜೊತೆಗೆ ಜ್ವರ ಹೀಗೆ ಜರ್ರನೆ ಇಳಿದು ಕಿವಿ, ಗೊರಸು ತಣ್ಣಗಾಗಿ, ಗುಂಡಿಗೆ ಬಡಿತ ಏರುತ್ತಲೇ ಇದ್ದರೆ ವಿಷ ಮೈಗೆಲ್ಲ ಹರಡಿದೆ, ಸುಧಾರಣೆ ಅಲ್ಲ. ಬಾವಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಮುಂದಿನ ಡೋಸಿನ ಹೊತ್ತಿಗೆ ಗೆರೆ ದಾಟದೆ ನಿಂತು, ರಾಸು ನೀರು ಮುಟ್ಟಿದರೆ ಮುಂದುವರಿಸಿ.

ಲ್ಯಾಬ್_ಮೇಜು

ಆ ಕಡಸಿಗೆ ಬಳಸಿದ ಸೂಜಿ ಇನ್ನೊಂದಕ್ಕೆ ಬೇಡ. ಥರ್ಮಾಮೀಟರೂ ಬೇರೆ ಇರಲಿ. ಮರುಬಳಕೆಯ ಉಪಕರಣಗಳನ್ನು ಬರೀ ಕುದಿಸಿದರೆ ಬೀಜಾಣು ಸಾಯುವ ಭರವಸೆ ಇಲ್ಲ. ಆಟೋಕ್ಲೇವ್ ಇಲ್ಲದಿದ್ದರೆ ಪ್ರೆಷರ್ ಕುಕ್ಕರ್‌ನಲ್ಲಿ, ಪೂರ್ತಿ ಒತ್ತಡ ಬಂದ ಮೇಲೆ ಅರ್ಧ ಗಂಟೆ. ಆ ಕುಕ್ಕರ್ ಅಡುಗೆಮನೆಗೆ ವಾಪಸ್ ಹೋಗಬಾರದು.