ಕಾಳು–ಬೇಳೆ ಅಡುಗೆ: ಆಹಾರ ತಜ್ಞೆಗೆ ಕೇಳಿ

ಅಡ್ಮಿನ್: ಮನೆಮಂದಿಗೆ ಕಾಳು, ಬೇಳೆ ಬೇಯಿಸೋ ಬಗ್ಗೆ ಏನೇ ಇದ್ದರೂ ಇದರ ಕೆಳಗೇ ಕೇಳಿ. ಹೆಸರಿನ ಬದಲು ಊರು ಹಾಕಿದರೆ ಸಾಕು. ಫಾರ್ವರ್ಡ್ ಹಾಕಬೇಡಿ.

ತುಮಕೂರು: ಮೇಡಂ ನಮಸ್ಕಾರ. ಕುಕ್ಕರ್ ಆರು ಸಲ ಕೂಗಿದರೂ ತೊಗರಿಬೇಳೆ ಕರಗಲ್ಲ. ಬೋರ್‌ವೆಲ್ ನೀರು. ಸೋಡಾ ಹಾಕಬಹುದಾ?

ತಜ್ಞೆ: ನಮಸ್ಕಾರ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೇಳೆಯನ್ನು ಮೆತ್ತಗಾಗೋಕೆ ಬಿಡಲ್ಲ. ಒಂದು ಲೋಟ ಬೇಳೆ ತೊಳೆದು ಅರ್ಧ ಗಂಟೆ ನೆನೆಸಿ, ಫಿಲ್ಟರ್ ನೀರು ಮೂರು ಲೋಟ ಹಾಕಿ ಬೇಯಿಸಿ ನೋಡಿ. ಹುಣಸೆಹಣ್ಣು, ಟೊಮೆಟೊ ಬೇಳೆ ಬೆಂದ ಮೇಲೇ ಹಾಕಿ, ಹುಳಿ ಮೊದಲೇ ಬಿದ್ದರೆ ಬೇಳೆ ಅರಳಲ್ಲ. ಆಗಲೂ ಬೇಯದಿದ್ದರೆ ಬೇಳೆ ಹಳೇ ದಾಸ್ತಾನು. ಸೋಡಾದಿಂದ ಬೇಗ ಬೇಯುತ್ತೆ ನಿಜ, ಆದರೆ ಬಿ1 ವಿಟಮಿನ್ ಹಾಳಾಗುತ್ತೆ. ದಿನಾ ಬೇಡ.

ಹೂಸ್ಟನ್: ಮೇಡಂ, ರಾಜ್ಮಾ ರಾತ್ರಿ ನೆನೆಸಿ ಬೆಳಿಗ್ಗೆ ಸ್ಲೋ ಕುಕ್ಕರ್‌ನಲ್ಲಿ ‘ಲೋ’ಗೆ ಇಟ್ಟು ಆಫೀಸಿಗೆ ಹೋಗಿದ್ದೆ. ನಿನ್ನೆ ರಾತ್ರಿ ಊಟವಾಗಿ ಎರಡು ಗಂಟೆಗೆ ನಮ್ಮನೆಯವರಿಗೂ ಏಳು ವರ್ಷದ ಮಗನಿಗೂ ವಾಂತಿ, ಭೇದಿ. ನಾನು ತಿಂದಿರಲಿಲ್ಲ. ಕಾಳು ಮೇಲೆ ಮೆತ್ತಗಿತ್ತು, ಒಳಗೆ ಸ್ವಲ್ಪ ಗಟ್ಟಿ. ಉಳಿದಿದ್ದನ್ನ ಮತ್ತೆ ಕುದಿಸಿ ತಿನ್ನಬಹುದಾ?

ತಜ್ಞೆ: ಚೆಲ್ಲಿಬಿಡಿ. ಉಳಿಸೋ ಯೋಚನೆಯೇ ಬೇಡ. ಇದನ್ನ ಎಲ್ಲರೂ ಓದಿ.

ರಾಜ್ಮಾದಲ್ಲಿ ಫೈಟೋಹೀಮಾಗ್ಲುಟಿನಿನ್ ಅನ್ನೋ ಲೆಕ್ಟಿನ್, ಅಂದರೆ ಹೊಟ್ಟೆ ಕೆಡಿಸೋ ಒಂದು ಪ್ರೋಟೀನ್ ಇದೆ. ಕೆಂಪು ರಾಜ್ಮಾದಲ್ಲೇ ಬಹಳ ಹೆಚ್ಚು. ಹಸಿ ಕಾಳು ನಾಲ್ಕೈದು ಹೊಟ್ಟೆಗೆ ಹೋದರೂ ಸಾಕು, ಒಂದರಿಂದ ಮೂರು ಗಂಟೆಯೊಳಗೆ ವಾಂತಿ, ಆಮೇಲೆ ಭೇದಿ. ಚೆನ್ನಾಗಿ ಕುದಿಸಿದರೆ ಇದು ನಾಶವಾಗುತ್ತೆ. ಸ್ಲೋ ಕುಕ್ಕರ್ ‘ಲೋ’ದಲ್ಲಿ ಕುದಿಯೋ ಮಟ್ಟಕ್ಕೇ ಹೋಗದಿರಬಹುದು. 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಬಿಸಿಯಾದ ಕಾಳು ಹಸಿ ಕಾಳಿಗಿಂತ ಐದು ಪಟ್ಟು ವಿಷವಾಗಬಲ್ಲದು. ಎಷ್ಟು ಗಂಟೆ ಇಟ್ಟಿರಿ ಅನ್ನೋದು ಲೆಕ್ಕಕ್ಕಿಲ್ಲ, ಕುದಿ ಬಂತಾ ಅನ್ನೋದೇ ಮುಖ್ಯ.

ಇನ್ನು ಮುಂದೆ ಹೀಗೆ ಮಾಡಿ: ಎಂಟು ಗಂಟೆ ನೆನೆಸಿ. ಆ ನೀರು ಚೆಲ್ಲಿ, ಎರಡು ಸಲ ತೊಳೆಯಿರಿ. ಹೊಸ ನೀರಲ್ಲಿ, ಒಲೆ ಮೇಲೆ, ಗುಳ್ಳೆ ಎದ್ದು ಕೊತಕೊತ ಕುದಿಯೋಕೆ ಶುರುವಾದ ಮೇಲೆ ಗಡಿಯಾರ ನೋಡಿ 30 ನಿಮಿಷ. ಆಮೇಲೆ ಬೇಕಾದರೆ ಸ್ಲೋ ಕುಕ್ಕರ್‌ಗೆ ಹಾಕಿ. ಪ್ರೆಶರ್ ಕುಕ್ಕರ್ ಆದರೆ ಒಂದು ಕೂಗು ಬಂದ ಮೇಲೆ ಸಣ್ಣ ಉರಿಯಲ್ಲಿ 20–25 ನಿಮಿಷ. ಕಾಳನ್ನ ಬೆರಳಲ್ಲಿ ಹಿಚುಕಿ, ನಡುವೆ ಬಿಳೀ ಗಟ್ಟಿ ಚುಕ್ಕಿ ಉಳಿದಿದ್ದರೆ ಬೆಂದಿಲ್ಲ. ಡಬ್ಬಿ ರಾಜ್ಮಾ ಮೊದಲೇ ಬೆಂದಿರುತ್ತೆ, ಅದಕ್ಕೆ ಭಯವಿಲ್ಲ.

ಮಗ ಈಗ ಹೇಗಿದ್ದಾನೆ? ಓಆರ್‌ಎಸ್ ಚಮಚದಲ್ಲಿ ಸ್ವಲ್ಪಸ್ವಲ್ಪ ಕುಡಿಸಿ. ಭೇದಿ ನಿಲ್ಲಿಸೋ ಮಾತ್ರೆ ಕೊಡಬೇಡಿ.

ಮಂಡ್ಯ: ಬೇಯಿಸಿದ ನೀರೂ ಚೆಲ್ಲಬೇಕಾ? ಹಂಗಾದ್ರೆ ಬಸ್ಸಾರು ಹೆಂಗೆ ಮಾಡದು?

ಹುಬ್ಬಳ್ಳಿ: ನಾವಂತೂ ಎಲ್ಲಾ ಕಾಳಿಂದೂ ನೀರು ಚೆಲ್ತೀವ್ರಿ. ಹೊಟ್ಟಿ ಉಬ್ಬೂದಿಲ್ಲ.

ಮಂಡ್ಯ: ಕಟ್ಟು ಚೆಲ್ಲಿದ ಮೇಲೆ ಸಾರಿಗೆ ಬರೀ ನೀರು ಹುಯ್ಕತೀರಾ?

ಹುಬ್ಬಳ್ಳಿ: ನಿಮ್ಮ ಬಸ್ಸಾರಿನ ಸುದ್ದಿ ಯಾರು ಕೇಳ್ಯಾರ್ರಿ ಇಲ್ಲಿ?

ತಜ್ಞೆ: ನೆನೆಸಿದ ನೀರು ಬೇರೆ, ಬೇಯಿಸಿದ ನೀರು ಬೇರೆ. ನೆನೆಸಿದ್ದು ಚೆಲ್ಲಿ, ವಾಯು ಮಾಡೋ ಸಕ್ಕರೆ ಅಂಶ ಸ್ವಲ್ಪ ಅದರಲ್ಲೇ ಹೋಗುತ್ತೆ. ಅಲಸಂದೆ, ಹೆಸರುಕಾಳು, ಹುರುಳಿ ಬೇಯಿಸಿದ ಕಟ್ಟು ಸಾರಿಗೆ ಇರಲಿ. ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದವರು ಮಾತ್ರ ಅದನ್ನೂ ಚೆಲ್ಲಬೇಕು.

ಶಿರಾ: ತೊಗರಿಬೇಳೆ ಬೇಯ್ತಿಲ್ಲ, ಸೋಡಾ ಹಾಕಬಹುದಾ ಮೇಡಂ?

ತಜ್ಞೆ: ತುಮಕೂರಿನವರಿಗೆ ಕೊಟ್ಟ ಉತ್ತರ ನೋಡಿ.

ಹಾಸನ: ಹಿತಕವರೆ ಬೇಳೆ ಫ್ರೀಜರ್‌ನಲ್ಲಿ ಎಷ್ಟು ದಿನ ಇಡಬಹುದು?

ಬಳ್ಳಾರಿ: ಎಂಟು ತಿಂಗಳ ಮಗೂಗೆ ಬೇಳೆ ಕಟ್ಟು ಸಾಕಾ ಮೇಡಂ?

ತಜ್ಞೆ: ಸಾಲದು. ತಿಳಿ ಕಟ್ಟಿನಲ್ಲಿ ನೀರೇ ಹೆಚ್ಚು, ಪ್ರೋಟೀನ್ ಇರೋದು ತಳದ ಬೇಳೆಯಲ್ಲಿ. ಹೆಸರುಬೇಳೆ ನುಣ್ಣಗೆ ಬೇಯಿಸಿ, ಅನ್ನದ ಜೊತೆ ಮಸೆದು, ಅರ್ಧ ಚಮಚ ತುಪ್ಪ ಹಾಕಿ ಕೊಡಿ. ಚಮಚ ಬಾಗಿಸಿದರೆ ಸುರಿಯದಷ್ಟು ಗಟ್ಟಿ ಇರಲಿ. ವರ್ಷ ತುಂಬೋವರೆಗೆ ಉಪ್ಪು ಬೇಡ.

ಕೋಲಾರ: *ಫಾರ್ವರ್ಡ್: ಹುರುಳಿ ನೆನೆಸಿದ ನೀರು 21 ದಿನ ಖಾಲಿ ಹೊಟ್ಟೆಗೆ ಕುಡಿದರೆ ಕಿಡ್ನಿ ಕಲ್ಲು ಕರಗಿ ಹೋಗುತ್ತೆ. ಆಪರೇಷನ್ ಬೇಡ. ಎಲ್ಲರಿಗೂ ಹಂಚಿ.*

ತಜ್ಞೆ: ಹಂಚಬೇಡಿ. ಕಿಡ್ನಿ ಕಲ್ಲಿನಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್. ಅದು ಹುರುಳಿ ನೀರಿಗೆ ಕರಗಲ್ಲ. ಸಣ್ಣ ಕಲ್ಲು ಎಷ್ಟೋ ಸಲ ತಾನಾಗಿಯೇ ಬೀಳುತ್ತೆ, ಹೆಸರು ಹುರುಳಿಗೆ ಬರುತ್ತೆ. ಕಲ್ಲು ಮೂತ್ರನಾಳಕ್ಕೆ ಅಡ್ಡ ಕೂತಿದ್ದರೆ 21 ದಿನ ಕಾಯೋದ್ರಲ್ಲಿ ಕಿಡ್ನಿಗೇ ಪೆಟ್ಟು. ಪಕ್ಕೆನೋವಿನ ಜೊತೆ ಚಳಿಜ್ವರ ಬಂದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಹುರುಳಿ ಸಾರು ಊಟಕ್ಕೆ ಮಾಡಿ, ಔಷಧಿ ಅಂತಲ್ಲ.

ಕೋಲಾರ: ನಮ್ಮ ಹಿರಿಯರೆಲ್ಲಾ ದಡ್ಡರಾ ಹಾಗಾದರೆ?

ಶಿವಮೊಗ್ಗ: ಹಿರಿಯರು ಹುರುಳಿ ಬೇಯಿಸಿ ತಿಂದರು ಮಾರಾಯ್ರೆ, ಫಾರ್ವರ್ಡ್ ಮಾಡ್ಲಿಲ್ಲ.

ಕೋಲಾರ: ನೀವು ಸುಮ್ಮನಿರಿ, ನಿಮ್ಮನ್ನ ಕೇಳಿಲ್ಲ.

ಅಡ್ಮಿನ್: ಇಬ್ಬರೂ ಇಲ್ಲಿಗೆ ನಿಲ್ಲಿಸಿ.

ಮೈಸೂರು: ನನಗೀಗ ನಾಲ್ಕನೇ ತಿಂಗಳು. ಹಸಿ ಮೊಳಕೆ ಕಾಳು ದಿನಾ ತಿನ್ನಬೇಕು ಅಂತ ವಾಟ್ಸಾಪಿನಲ್ಲಿ…

ತಜ್ಞೆ: ಬೇಡ. ಮೊಳಕೆ ಬರೋ ತೇವ, ಬೆಚ್ಚಗಿನಲ್ಲೇ ಸಾಲ್ಮೊನೆಲ್ಲಾ ಅನ್ನೋ ರೋಗಾಣು ಕೂಡ ಬೆಳೆಯುತ್ತೆ, ತೊಳೆದರೆ ಪೂರ್ತಿ ಹೋಗಲ್ಲ. ಪೂರ್ತಿ ಬೇಯಿಸಿ ತಿನ್ನಿ. ಮೇಲೆ ನಿಂಬೆರಸ ಹಿಂಡಿ, ಕಬ್ಬಿಣಾಂಶ ಮೈಗೆ ಹತ್ತುತ್ತೆ. ಊಟದ ಜೊತೆ ಕಾಫಿ, ಟೀ ಬೇಡ.

ಗದಗ: ಬ್ಯಾಳಿ ಬೇಯಾಕ ಸೋಡಾ…

ತಜ್ಞೆ: ಮೇಲೆ ಓದಿ.

ಹಾಸನ: ಹಿತಕವರೆ ಬಗ್ಗೆ ಯಾರಾದ್ರೂ ಹೇಳ್ರೀ.

ಹೂಸ್ಟನ್: ಮೇಡಂ, ನಮ್ಮನೆಯವರಿಗೆ ರಾತ್ರಿಯೇ ಕಮ್ಮಿ ಆಯ್ತು. ಮಗನಿಗೆ ವಾಂತಿ ಇನ್ನೂ ಇದೆ, ಮಂಪರಲ್ಲಿ ಮಲಗಿದ್ದಾನೆ. ಬೆಳಿಗ್ಗೆಯಿಂದ ಒಂದೇ ಸಲ ಮೂತ್ರ ಹೋಗಿದ್ದು.

ಕೋಲಾರ: ಜೀರಿಗೆ ನೀರು ಕೊಡಿ, ನಿಲ್ಲುತ್ತೆ.

ತಜ್ಞೆ: ಜೀರಿಗೆ ನೀರಿನ ಮಾತು ಬಿಡಿ! ಹೂಸ್ಟನ್‌ನವರೇ, ರಾಜ್ಮಾದಿಂದಾದ ವಾಂತಿ ಸಾಮಾನ್ಯವಾಗಿ ಕೆಲವೇ ಗಂಟೆಯಲ್ಲಿ ನಿಲ್ಲುತ್ತೆ. ಇಷ್ಟು ಹೊತ್ತಾದರೂ ನಿಂತಿಲ್ಲ ಅಂದರೆ ಬೇರೆ ಕಾರಣವೂ ಇರಬಹುದು. ಮಗುವಿನ ಮೈಯಲ್ಲಿ ನೀರು ಕಮ್ಮಿಯಾಗಿದೆ. ಈಗಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ. ಏನು ತಿಂದ, ಎಷ್ಟು ಹೊತ್ತಿಗೆ ಶುರುವಾಯ್ತು, ಕೊನೆಗೆ ಯಾವಾಗ ಮೂತ್ರ ಹೋದ ಅನ್ನೋ ಮೂರೂ ಡಾಕ್ಟರಿಗೆ ಹೇಳಿ.

ಹೂಸ್ಟನ್: ಹೊರಟ್ವಿ ಮೇಡಂ.