ಭಯದ ಕಥೆ ಬರೆಯುವವರಿಗೆ ಭಯ ಎಲ್ಲಿಂದ ಬರುತ್ತದೆ? ಬರೆದವರ, ಓದಿದವರ ಅನುಭವಗಳು

ಪ್ರಶ್ನೆ

ಕೆಲವು ವರ್ಷಗಳಿಂದ ಸಣ್ಣಕಥೆ ಬರೆಯುತ್ತಿದ್ದೇನೆ. ಈಚೆಗೆ ಮನಸ್ಸು ಭಯದ ಕಥೆಗಳತ್ತ ಹೊರಳಿದೆ. ಓದಿದ ಗೆಳೆಯರು ಭಾಷೆ ಚೆನ್ನಾಗಿದೆ, ಕಥೆಯ ಕಟ್ಟು ಬಿಗಿಯಾಗಿದೆ, ಹೆದರಿಕೆ ಮಾತ್ರ ಆಗಲಿಲ್ಲ ಎನ್ನುತ್ತಾರೆ. ನನಗೆ ದೆವ್ವಭೂತಗಳಲ್ಲಿ ನಂಬಿಕೆಯಿಲ್ಲ, ಬಾಲ್ಯವೂ ದೊಡ್ಡ ಆಘಾತಗಳಿಲ್ಲದೆ ಕಳೆಯಿತು. ಈ ಪ್ರಕಾರದಲ್ಲಿ ಹೆಸರು ಮಾಡಿದವರ ಕಲ್ಪನೆಯನ್ನು, ಭಯವನ್ನು ರೂಪಿಸಿದ್ದು ಏನು? ಹೇಳಿಕೊಳ್ಳುವಂಥ ಭಯವಿಲ್ಲದವನು ಇಂಥ ಕಥೆ ಬರೆಯಬಹುದೇ? ಬರೆದು ಅನುಭವವಿರುವವರೂ ಓದಿ ಬಲ್ಲವರೂ ದಯವಿಟ್ಟು ತಿಳಿಸಬೇಕು.

ಬಹುಕಾಲದಿಂದ ಭಯದ ಕಥೆ ಬರೆಯುತ್ತಿರುವವರು

ನಂಬಿಕೆಯ ಪ್ರಶ್ನೆಯನ್ನು ಮೊದಲೇ ಬದಿಗಿಟ್ಟುಬಿಡಿ. ಇಂಗ್ಲಿಷಿನ ದೆವ್ವದ ಕಥೆಗೆ ಮಾದರಿ ಹಾಕಿಕೊಟ್ಟ ಎಂ. ಆರ್. ಜೇಮ್ಸ್, ದೆವ್ವಗಳನ್ನು ನಂಬುತ್ತೀರಾ ಎಂಬ ಪ್ರಶ್ನೆಗೆ, ಸಾಕ್ಷ್ಯ ಕೊಟ್ಟರೆ ಪರಿಶೀಲಿಸುತ್ತೇನೆ, ಮನಸ್ಸಿಗೆ ಒಪ್ಪಿದರೆ ಒಪ್ಪುತ್ತೇನೆ ಎಂಬರ್ಥದ ಉತ್ತರವನ್ನಷ್ಟೇ ಕೊಟ್ಟಿದ್ದರು. ಎಚ್. ಪಿ. ಲವ್‌ಕ್ರಾಫ್ಟ್ ಅಂತೂ ಅಪ್ಪಟ ಭೌತವಾದಿ. ನನ್ನ ಅನುಭವದಲ್ಲಿ ಕಥೆಗೆ ಬೇಕಾಗುವುದು, ಕಳೆದುಕೊಂಡರೆ ತಾಳಲಾರೆ ಎಂದು ನಮಗೆ ಒಳಗೊಳಗೇ ಗೊತ್ತಿರುವ ಒಂದು ಸಂಗತಿ. ದೆವ್ವ ಆಮೇಲೆ ಬಂದು ಅದರ ವೇಷ ಹಾಕುತ್ತದೆ.

ಮೇರಿ ಶೆಲ್ಲಿಯ ಉದಾಹರಣೆಯನ್ನು ಎಲ್ಲರೂ ಕೊಡುತ್ತಾರೆ, ಆದರೆ ಸಾಮಾನ್ಯವಾಗಿ ಅರ್ಧ ಕಥೆಯನ್ನು ಮಾತ್ರ ಹೇಳುತ್ತಾರೆ. 1815ರ ಏಪ್ರಿಲ್‌ನಲ್ಲಿ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಅದರ ಪರಿಣಾಮವಾಗಿ ಮರುವರ್ಷ ಯೂರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಂಡೆಯ ಮನೆಯೊಂದರಲ್ಲಿ ಮಳೆಯಿಂದಾಗಿ ಒಳಗೇ ಉಳಿದವರ ನಡುವೆ, ತಲೆಗೊಂದು ದೆವ್ವದ ಕಥೆ ಬರೆಯೋಣ ಎಂದು ಬೈರನ್ ಸವಾಲೆಸೆದ. ಹದಿನೆಂಟರ ಮೇರಿ ಹೆಣದ ತುಂಡುಗಳಿಂದ ಜೀವ ಕಟ್ಟುವವನ ಕಥೆ ಹೊಸೆದಳು. ಇದು ಎಲ್ಲರಿಗೂ ಗೊತ್ತಿರುವ ಅರ್ಧ. ಇನ್ನರ್ಧ ಹೀಗಿದೆ: ಅವಳನ್ನು ಹೆತ್ತ ತಾಯಿ 1797ರಲ್ಲಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದಳು. ಅವಳ ಮೊದಲ ಮಗು ದಿನ ತುಂಬುವ ಮೊದಲೇ ಹುಟ್ಟಿ 1815ರಲ್ಲಿ ಸತ್ತಿತ್ತು. ಸತ್ತ ಮೇಲೆ ಅವಳಿಗೊಂದು ಕನಸು ಬಿತ್ತು. ಮಗು ಸತ್ತಿರಲಿಲ್ಲ, ಚಳಿಗೆ ತಣ್ಣಗಾಗಿತ್ತು ಅಷ್ಟೇ, ಬೆಂಕಿಯ ಮುಂದೆ ಮೈ ಉಜ್ಜಿದಾಗ ಬದುಕಿಕೊಂಡಿತು. ದಿನಚರಿಯಲ್ಲಿ ಅವಳೇ ಇದನ್ನು ಬರೆದಿಟ್ಟಿದ್ದಾಳೆ. ತಣ್ಣಗಾದ ಮೈಗೆ ಮತ್ತೆ ಜೀವ ತರುವ ವಿಷಯ ಅವಳಿಗೆ ಸಿಕ್ಕಿದ್ದು ಮಳೆಗಾಲದ ಪಂದ್ಯದಿಂದ ಮಾತ್ರ ಎಂದು ನಂಬುವುದು ನನಗೆ ಕಷ್ಟ.

ಸ್ಟೀಫನ್ ಕಿಂಗ್ ವಿಷಯವೂ ಹೀಗೆಯೇ. ಅಮೆರಿಕದ ಮೇನ್ ರಾಜ್ಯದಲ್ಲಿ ಅವರು ಬಾಡಿಗೆಗಿದ್ದ ಮನೆಯ ಮುಂದಿನ ರಸ್ತೆಯಲ್ಲಿ ಲಾರಿಗಳು ಭರ್ರನೆ ಓಡುತ್ತಿದ್ದವು. ಮಗಳ ಬೆಕ್ಕು ಆ ರಸ್ತೆಯಲ್ಲಿ ಸತ್ತಿತು. ನೆರೆಹೊರೆಯ ಮಕ್ಕಳು ತಮ್ಮ ಸಾಕುಪ್ರಾಣಿಗಳಿಗೆಂದು ಮಾಡಿಕೊಂಡಿದ್ದ ಸ್ಮಶಾನದಲ್ಲಿ ಅದನ್ನು ಹೂತರು. ಮತ್ತೊಂದು ದಿನ ಪುಟ್ಟ ಮಗ ಅದೇ ರಸ್ತೆಯತ್ತ ಓಡಿದ, ಕೂದಲೆಳೆಯಲ್ಲಿ ಉಳಿದ. ಇದರಿಂದ ಹುಟ್ಟಿದ ಪೆಟ್ ಸೆಮೆಟರಿ ಕಾದಂಬರಿಯಲ್ಲಿ ಆ ಮಗು ಉಳಿಯುವುದಿಲ್ಲ. ಬರೆದು ಮುಗಿಸಿದ ಮೇಲೆ ಇದು ವಿಪರೀತವಾಯಿತು ಎಂದು ಕಿಂಗ್ ಹಸ್ತಪ್ರತಿಯನ್ನು ಎತ್ತಿಟ್ಟುಬಿಟ್ಟರು. ಅದು ಪ್ರಕಟವಾದದ್ದು 1983ರಲ್ಲಿ.

ನನ್ನದೇ ಒಂದು ಮಾತು ಹೇಳುತ್ತೇನೆ. ಉಸಿರಾಟದ ಕಾಯಿಲೆಯಿದ್ದ ಅಮ್ಮನನ್ನು ಮನೆಯಲ್ಲೇ ನೋಡಿಕೊಳ್ಳುತ್ತಿದ್ದ ಕಾಲದಲ್ಲಿ ಪಕ್ಕದ ಕೋಣೆಯಲ್ಲಿ ಆಕ್ಸಿಜನ್ ಯಂತ್ರ ರಾತ್ರಿಯಿಡೀ ಗುಂಯ್‌ಗುಡುತ್ತಿತ್ತು, ನಡುನಡುವೆ ಗಾಳಿಯ ದಾರಿ ಬದಲಾಗುವಾಗ ಠಪ್ ಎಂದು ಸಣ್ಣ ಸದ್ದು. ಆ ಠಪ್ ಕೇಳುತ್ತಿರುವಷ್ಟು ಹೊತ್ತೂ ನನಗೆ ನಿದ್ದೆ ಬರುತ್ತಿತ್ತು; ಕರೆಂಟು ಹೋಗಿ ಸದ್ದು ನಿಂತ ಕ್ಷಣವೇ ಎದ್ದು ಕೂರುತ್ತಿದ್ದೆ. ಬಹಳ ವರ್ಷಗಳ ಮೇಲೆ ಬರೆದ ಕಥೆಯಲ್ಲಿ ಅಮ್ಮನೂ ಇಲ್ಲ, ಯಂತ್ರವೂ ಇಲ್ಲ. ಗೋಡೆಯಾಚೆ ಯಾರೋ ಒಂದೇ ಲಯದಲ್ಲಿ ತಟ್ಟುತ್ತಿದ್ದಾರೆ, ಮನೆಮಂದಿಯೆಲ್ಲ ಅದು ನಿಲ್ಲದಿರಲಿ ಎಂದು ಬೇಡಿಕೊಳ್ಳುತ್ತಾರೆ. ನಿಂತರೆ ಏನಾಗುತ್ತದೆ ಎಂದು ಕಥೆ ಹೇಳುವುದಿಲ್ಲ. ಓದುಗರು ನನಗೆ ಅತಿ ಹೆಚ್ಚು ಪತ್ರ ಬರೆದದ್ದು ಆ ಕಥೆಗೆ.

ನಿದ್ರೆಯ ತೊಂದರೆಗಳನ್ನು ಪರೀಕ್ಷಿಸುವ ಕೇಂದ್ರದಲ್ಲಿ ಕೆಲಸ ಮಾಡುವವರು

ಮೇಲಿನವರು ಹೇಳಿದ ಕಳೆದುಕೊಳ್ಳುವ ಭಯವನ್ನು ಒಪ್ಪುತ್ತೇನೆ, ಆದರೆ ಎಲ್ಲ ಭಯಕ್ಕೂ ಜೀವನಚರಿತ್ರೆಯಲ್ಲಿ ಕಾರಣ ಹುಡುಕಬೇಕಾಗಿಲ್ಲ. ಎಷ್ಟೋ ಭಯಗಳನ್ನು ದೇಹವೇ ತಯಾರಿಸಿ ಕೊಡುತ್ತದೆ. ಕನಸು ದಟ್ಟವಾಗಿ ಬೀಳುವ ಆರ್‌ಇಎಂ ಎಂಬ ನಿದ್ರಾಹಂತದಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಗೊಂಡು ನಿಶ್ಚಲವಾಗಿರುತ್ತವೆ. ಕೆಲವೊಮ್ಮೆ ಎಚ್ಚರ ಮೊದಲು ಬಂದು, ಸ್ನಾಯುಗಳ ಬಿಡುಗಡೆ ತಡವಾಗುತ್ತದೆ. ಆಗ ಕಣ್ಣು ತೆರೆದಿರುತ್ತದೆ, ಕೋಣೆ ಕಾಣುತ್ತಿರುತ್ತದೆ, ಮೈ ಅಲುಗುವುದಿಲ್ಲ. ಎದೆಯ ಮೇಲೆ ಭಾರ ಕೂತಂತೆ, ಬಾಗಿಲ ಬಳಿ ಯಾರೋ ನಿಂತಂತೆ ಅನ್ನಿಸುತ್ತದೆ. ಇದನ್ನೇ ಸ್ಲೀಪ್ ಪ್ಯಾರಾಲಿಸಿಸ್ ಎನ್ನುತ್ತೇವೆ. ನಮ್ಮಲ್ಲಿಗೆ ಬರುವವರು ಅದನ್ನು ವಿವರಿಸುವಾಗ, ಅವರು ಆಸ್ತಿಕರಿರಲಿ ನಾಸ್ತಿಕರಿರಲಿ, ಒಂದು ವಿವರ ಮತ್ತೆ ಮತ್ತೆ ಬರುತ್ತದೆ: ಬಂದವರ ಮುಖ ಕಾಣಲಿಲ್ಲ. ಹೆನ್ರಿ ಫ್ಯೂಸ್ಲಿ 1781ರಲ್ಲಿ ಚಿತ್ರಿಸಿದ, ಮಲಗಿದ ಹೆಣ್ಣಿನ ಎದೆಯ ಮೇಲೆ ಕುಕ್ಕರಗಾಲಲ್ಲಿ ಕೂತ ಪಿಶಾಚಿಯನ್ನು ನೋಡಿದರೆ ನಮ್ಮ ಕೇಸ್ ಶೀಟ್ ನೋಡಿದಂತೆಯೇ ಇರುತ್ತದೆ.

ಲವ್‌ಕ್ರಾಫ್ಟ್‌ಗೆ ಐದು ವರ್ಷವಾಗಿದ್ದಾಗ, 1896ರಲ್ಲಿ, ಅಜ್ಜಿ ತೀರಿಕೊಂಡರು. ಮನೆಯ ಹೆಂಗಸರೆಲ್ಲ ಶೋಕಕ್ಕೆಂದು ಉಟ್ಟ ಕಪ್ಪು ಉಡುಪು ಅವನನ್ನು ಬೆಚ್ಚಿಬೀಳಿಸಿತು. ಆ ದಿನಗಳಿಂದ ಅವನ ಕನಸಿಗೆ ಮುಖವೇ ಇಲ್ಲದ, ರಬ್ಬರಿನಂಥ ಮೈಯ, ರೆಕ್ಕೆಯಿರುವ ಕಪ್ಪು ಜೀವಿಗಳು ಬಂದು ಹೊತ್ತೊಯ್ಯತೊಡಗಿದವು. ದೊಡ್ಡವನಾದ ಮೇಲೆ ಅವನ್ನೇ ಬರಹಕ್ಕಿಳಿಸಿದ. ಸ್ಟೀವನ್‌ಸನ್ ಕೂಡ ಜ್ವರದ ಬಾಲ್ಯ ಕಳೆದವನು. ಒಬ್ಬನೇ ಮನುಷ್ಯ ಇಬ್ಬರಾಗುವ ಅವನ ಪ್ರಸಿದ್ಧ ಕಥೆಯ ಕೆಲವು ದೃಶ್ಯಗಳು ಕನಸಿನಲ್ಲೇ ಬಂದವು. ಚೀರಾಟ ಕೇಳಿ ಹೆಂಡತಿ ಎಬ್ಬಿಸಿದ್ದಕ್ಕೆ, ಒಳ್ಳೆಯ ದೆವ್ವದ ಕಥೆ ಬೀಳುತ್ತಿತ್ತು, ಯಾಕೆ ಎಬ್ಬಿಸಿದೆ ಎಂದು ಅವಳ ಮೇಲೇ ರೇಗಿದನಂತೆ.

ಇನ್ನೊಂದು ಸಂಗತಿ ಕಥೆಗಾರರಿಗೆ ಉಪಯೋಗವಾದೀತು. ಭಯಕ್ಕೆ ಮುಖ್ಯವೆಂದು ಹೇಳುವ ಅಮಿಗ್ಡಲಾ ಎಂಬ ಮಿದುಳಿನ ಭಾಗ ಎರಡೂ ಬದಿಯಲ್ಲಿ ಹಾಳಾದ ಮೂವರಿಗೆ ಶೇ. 35ರಷ್ಟು ಇಂಗಾಲದ ಡೈಆಕ್ಸೈಡ್ ಇದ್ದ ಗಾಳಿಯನ್ನು ಉಸಿರಾಡಿಸಿದ ಪ್ರಯೋಗವೊಂದು 2013ರಲ್ಲಿ ಪ್ರಕಟವಾಯಿತು. ಅವರಲ್ಲೊಬ್ಬ ಮಹಿಳೆ ಹಾವು, ಜೇಡ, ಭೂತಬಂಗಲೆ ಯಾವುದಕ್ಕೂ ಹೆದರದವಳು. ಉಸಿರು ಕಟ್ಟಿದಂತಾದಾಗ ಮೂವರೂ ಗಾಬರಿಗೊಂಡರು. ಹೊರಗಿನಿಂದ ಬರುವ ಭಯಕ್ಕೂ ಒಡಲಿನಿಂದಲೇ ಏಳುವ ಭಯಕ್ಕೂ ದಾರಿಗಳು ಬೇರೆ ಎನ್ನುವುದಕ್ಕೆ ಇದು ಸಾಕು. ನಿಮ್ಮ ಗೆಳೆಯರಿಗೆ ಹೆದರಿಕೆಯಾಗಲಿಲ್ಲ ಎಂದಿರಲ್ಲ, ನಿಮ್ಮ ಪಾತ್ರಗಳು ಕಥೆಯಲ್ಲಿ ಉಸಿರಾಡುತ್ತವೆಯೇ, ಇಲ್ಲ ಬರೀ ನೋಡುತ್ತವೆಯೇ ಎಂದು ಒಮ್ಮೆ ಪರೀಕ್ಷಿಸಿ.

ಕಥಾಸಂಕಲನಗಳ ಸಂಪಾದಕಿ

ನನ್ನ ಮೇಜಿಗೆ ಬರುವ ಭಯದ ಕಥೆಗಳಲ್ಲಿ ಹೆಚ್ಚಿನವು ಬೇರೆಯವರ ಭಯದಿಂದ ಹುಟ್ಟಿದವು. ಕನ್ನಡಿಯಲ್ಲಿ ಇನ್ನೊಂದು ಮುಖ, ತಾನೇ ತೂಗುವ ತೊಟ್ಟಿಲು, ಪಾಳುಬಂಗಲೆ. ಲೇಖಕರಿಗೆ ಅವುಗಳ ಭಯವಿಲ್ಲ. ಅವು ಭಯ ಹುಟ್ಟಿಸುತ್ತವೆ ಎಂದು ಸಿನಿಮಾ ನೋಡಿ ತಿಳಿದಿದ್ದಾರೆ ಅಷ್ಟೇ. ಆದರೆ ಸ್ವಂತ ಭಯವೊಂದಿದ್ದರೆ ಸಾಕು ಎಂಬ ಧ್ವನಿ ಇಲ್ಲಿ ಕೇಳಿಸುತ್ತಿರುವುದನ್ನು ನಾನು ಒಪ್ಪಲಾರೆ. ಹಾಗೆ ನಂಬಿದವರು ಡೈರಿ ಬರೆದು ಕಳಿಸುತ್ತಾರೆ.

ಬ್ರಾಮ್ ಸ್ಟೋಕರ್ ಅವರನ್ನು ನೋಡಿ. ಏಳರ ಹೊತ್ತಿನವರೆಗೂ ಕಾಯಿಲೆಯಿಂದ ಹಾಸಿಗೆಯಲ್ಲೇ ಇದ್ದ ಆ ಹುಡುಗನಿಗೆ ತಾಯಿ, ತಾನು 1832ರಲ್ಲಿ ಐರ್ಲೆಂಡಿನ ಸ್ಲೈಗೋ ಊರಿನಲ್ಲಿ ಕಣ್ಣಾರೆ ಕಂಡ ಕಾಲರಾ ಪಿಡುಗಿನ ಕಥೆಗಳನ್ನು ಹೇಳುತ್ತಿದ್ದಳು. ಜೀವ ಹೋಗುವ ಮೊದಲೇ ಹೂತುಬಿಟ್ಟವರ ಕಥೆಗಳೂ ಅವುಗಳಲ್ಲಿದ್ದವು. ಸತ್ತವರು ಪೂರ್ತಿ ಸತ್ತಿಲ್ಲ ಎಂಬ ಕಲ್ಪನೆಗೆ ಬೇರು ಅಲ್ಲಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ 1897ರ ಅವರ ಡ್ರಾಕುಲಾ ಕಾದಂಬರಿಯ ಹಿಂದೆ ಏಳು ವರ್ಷಗಳ ಟಿಪ್ಪಣಿಗಳಿವೆ. 1890ರ ಬೇಸಿಗೆಯಲ್ಲಿ ಇಂಗ್ಲೆಂಡಿನ ವಿಟ್ಬಿ ಬಂದರಿನಲ್ಲಿ ತಂಗಿದ್ದಾಗ ಸ್ಟೋಕರ್ ಅಲ್ಲಿನ ಗ್ರಂಥಾಲಯದ ಹಳೆಯ ಪುಸ್ತಕವೊಂದರಲ್ಲಿ ಡ್ರಾಕುಲಾ ಎಂಬ ಹೆಸರನ್ನು ಕಂಡರು. ಐದು ವರ್ಷ ಹಿಂದೆ ಅದೇ ದಂಡೆಗೆ ಬಡಿದು ಒಡೆದ ದಿಮಿತ್ರಿ ಎಂಬ ರಷ್ಯನ್ ಹಡಗಿನ ವಿವರಗಳನ್ನು ಬರೆದುಕೊಂಡರು. ನಾರ್ವಾದಿಂದ ಬಂದಿದ್ದ ಆ ಹಡಗು ಕಾದಂಬರಿಯಲ್ಲಿ ಡಿಮೀಟರ್ ಆಗಿ ವಾರ್ನಾದಿಂದ ಬರುತ್ತದೆ, ಚುಕ್ಕಾಣಿಗೆ ಕಟ್ಟಿಕೊಂಡ ಕ್ಯಾಪ್ಟನ್ನನ ಹೆಣದೊಂದಿಗೆ. ಟ್ರಾನ್ಸಿಲ್ವೇನಿಯಾಕ್ಕೆ ಅವರು ಜೀವಮಾನದಲ್ಲಿ ಕಾಲಿಡಲಿಲ್ಲ. ಆದರೂ ಮೊದಲ ಅಧ್ಯಾಯದಲ್ಲಿ ರೈಲು ಎಷ್ಟು ತಡವಾಯಿತು ಎಂಬ ಲೆಕ್ಕವೂ ಇದೆ. ಓದುಗ ರೈಲನ್ನು ನಂಬಿದ ಮೇಲೆ ಕೋಟೆಯನ್ನೂ ನಂಬುತ್ತಾನೆ. ಜಿನೀವಾದ ಮಳೆಯಲ್ಲಿ ಕೂತವರೂ ಮೊದಲು ಮಾಡಿದ್ದು ಓದನ್ನೇ: ಜರ್ಮನ್ ದೆವ್ವದ ಕಥೆಗಳ ಫ್ರೆಂಚ್ ಅನುವಾದವೊಂದು ಅವರ ಕೈಗೆ ಸಿಕ್ಕಿತ್ತು.

ಓದುಗರೊಬ್ಬರು

ಶಾರ್ಲಟ್ ಪರ್ಕಿನ್ಸ್ ಗಿಲ್ಮನ್ ಹೆಸರು ಯಾರೂ ಎತ್ತಲಿಲ್ಲ. ಹೆರಿಗೆಯ ನಂತರದ ಖಿನ್ನತೆಗೆ 1887ರಲ್ಲಿ ಚಿಕಿತ್ಸೆ ಪಡೆದಾಗ, ಆ ಕಾಲದ ಅತಿ ಹೆಸರಾಂತ ನರರೋಗ ತಜ್ಞರು ಆಕೆಗೆ ವಿಶ್ರಾಂತಿ ವಿಧಿಸಿ, ದಿನಕ್ಕೆ ಎರಡು ಗಂಟೆಗಿಂತ ಹೆಚ್ಚು ಬುದ್ಧಿಗೆ ಕೆಲಸ ಬೇಡ, ಬದುಕಿರುವ ತನಕ ಲೇಖನಿ ಮುಟ್ಟಬೇಡ ಎಂದು ಹೇಳಿ ಕಳಿಸಿದರು. ಹುಚ್ಚಿನ ಅಂಚಿಗೆ ಹೋಗಿ, ಆ ಸಲಹೆಯನ್ನು ಮೂಲೆಗೆಸೆದು, ಮರಳಿ ಬರೆಯತೊಡಗಿದವರು ಆಕೆ. 1892ರಲ್ಲಿ ಪ್ರಕಟವಾದ ಕಥೆಯಲ್ಲಿ ದೆವ್ವವಿಲ್ಲ. ಹಳದಿ ಗೋಡೆಕಾಗದ, ಒಂದು ಕೋಣೆ, ಎಲ್ಲವೂ ನಿನ್ನ ಒಳ್ಳೆಯದಕ್ಕೇ ಎನ್ನುವ ವೈದ್ಯ ಗಂಡ ಇದ್ದಾರೆ. ನಾವು ಹೇಳಿದ್ದನ್ನು ಪ್ರೀತಿಯಿಂದಲೇ ಯಾರೂ ನಂಬದಿರುವುದು ಎಷ್ಟು ಭಯಂಕರ ಎಂಬುದನ್ನು ಅನುಭವಿಸಿದವರು ಆ ಗಂಡನ ಮಾತುಗಳನ್ನು ಓದುವಾಗಲೇ ಬೆವರುತ್ತಾರೆ.

ಇನ್ನೊಬ್ಬ ಓದುಗರು, ವೃತ್ತಿಯಿಂದ ಅಧ್ಯಾಪಕರು

ಲವ್‌ಕ್ರಾಫ್ಟ್ ಹೆಸರು ಬಂದಿರುವುದರಿಂದ ಅಹಿತವಾದ ಒಂದು ಮಾತನ್ನೂ ಹೇಳಬೇಕು. ಕಥೆಗಾರನ ಭಯ ಯಾವಾಗಲೂ ಮುಗ್ಧವಾಗಿರುವುದಿಲ್ಲ. 1920ರ ದಶಕದ ನಡುವೆ ನ್ಯೂಯಾರ್ಕಿನಲ್ಲಿದ್ದಾಗ ಆತ ಬರೆದ ಪತ್ರಗಳಲ್ಲಿ ವಲಸಿಗರ ಬಗ್ಗೆ ಇರುವ ಅಸಹ್ಯ ಓದಲಾಗದಷ್ಟಿದೆ. ಅದೇ ಕಾಲದ ಕಥೆಗಳಲ್ಲಿ ಬೇರೆ ಬಣ್ಣದ ಜನರೇ ಪಿಶಾಚಿಗಳಾಗಿ ಬರುತ್ತಾರೆ. ಇನ್ನೊಂದು ಕಡೆ, ತಂದೆ ಮಾನಸಿಕ ಆಸ್ಪತ್ರೆಯಲ್ಲಿ 1898ರಲ್ಲಿ ಸತ್ತರು, ತಾಯಿಯನ್ನು 1919ರಲ್ಲಿ ಅದೇ ಆಸ್ಪತ್ರೆಗೆ ಸೇರಿಸಬೇಕಾಯಿತು, ಆಕೆ ಸತ್ತದ್ದೂ ಅಲ್ಲೇ. ತನ್ನ ರಕ್ತದಲ್ಲೇ ಕೇಡಿದೆಯೇ ಎಂಬ ಶಂಕೆ ಅಂಥವನಿಗೆ ಬಾರದಿರುವುದು ಕಷ್ಟ. ಕಥಾನಾಯಕ ತನ್ನ ವಂಶವೃಕ್ಷ ಹುಡುಕುತ್ತಾ ಹೋಗಿ ತಾನೇ ಪೂರ್ತಿ ಮನುಷ್ಯನಲ್ಲ ಎಂದು ಕಂಡುಕೊಳ್ಳುವಾಗ, ಅಂದರೆ ಭಯ ಬರೆದವನತ್ತಲೇ ತಿರುಗಿದಾಗ, ನನಗೆ ನಿಜವಾಗಿ ನಡುಕ ಹುಟ್ಟಿದೆ. ಅದೇ ಭಯ ನೆರೆಯವನತ್ತ ಬೆರಳು ತೋರಿದಾಗ ಉಳಿಯುವುದು ದ್ವೇಷ ಮಾತ್ರ, ಅದು ಹೆದರಿಸುವುದೂ ಇಲ್ಲ. 2016ರಲ್ಲಿ ವಿಕ್ಟರ್ ಲವಾಲ್ ಅಂಥದೊಂದು ಕಥೆಯನ್ನು ಕರಿಯ ಯುವಕನ ಕಣ್ಣಿನಿಂದ ಮರುಹೇಳಿದರು. ಅಲ್ಲಿ ರಾಕ್ಷಸರಿಗಿಂತ ಪೊಲೀಸರೇ ಹೆಚ್ಚು ಹೆದರಿಸುತ್ತಾರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಆದರೆ ನೀವು ಕೊಟ್ಟ ಉದಾಹರಣೆಗಳಲ್ಲಿ ಬಹುತೇಕ ಎಲ್ಲರ ಹಿಂದೆಯೂ ಸಾವು, ಕಾಯಿಲೆ, ಆಸ್ಪತ್ರೆ ಇವೆ. ಅಂಥದೇನೂ ಇಲ್ಲದವರು ಎಲ್ಲಿ ಹುಡುಕಬೇಕು?

ಕಥಾಕಮ್ಮಟಗಳಲ್ಲಿ ಪಾಠ ಹೇಳುವವರು

ದೊಡ್ಡ ದುರಂತ ಬೇಕಾಗಿಲ್ಲ. ಅಮೆರಿಕದ ಕಥೆಗಾರ್ತಿ ಆಕ್ಟೇವಿಯಾ ಬಟ್ಲರ್ ಪೆರುವಿನ ಅಮೆಜಾನ್ ಕಾಡಿಗೆ ಹೊರಡುವ ಮುನ್ನ ಅಲ್ಲಿನ ಬಾಟ್‌ಫ್ಲೈ ಎಂಬ ನೊಣದ ಬಗ್ಗೆ ಓದಿದರು. ಅದರ ಮರಿಹುಳು ಮನುಷ್ಯನ ಚರ್ಮದಡಿ ಬೆಳೆಯುತ್ತದೆ. ಹಿಂಡಿ ತೆಗೆಯಲು ಹೋದರೆ ತುಂಡು ಒಳಗೇ ಉಳಿದು ಕೊಳೆಯಬಹುದು, ಆದ್ದರಿಂದ ಸುಮ್ಮನೆ ಬಿಡಿ ಎಂಬ ಸಲಹೆ ಆಕೆಗೆ ಅಸಹನೀಯವೆನಿಸಿತು. ಆ ಅಸಹ್ಯವನ್ನು ಎದುರಿಸಲೆಂದೇ 1984ರಲ್ಲಿ ಪ್ರಕಟವಾದ ಕಥೆಯನ್ನು ಬರೆದರು. ಅನ್ಯಗ್ರಹದ ಜೀವಿಯ ಮೊಟ್ಟೆಗಳನ್ನು ಮನುಷ್ಯರ ಗಂಡುಮಕ್ಕಳು ಒಡಲಲ್ಲಿ ಹೊರುವ ಆ ಕಥೆ ಪ್ರೀತಿಯ ಕಥೆಯೂ ಆಗಿರುವುದು ಆಕೆಯ ಶಕ್ತಿ. ಒಂದು ನೊಣ ಸಾಕಾಯಿತು.

ಜಪಾನಿನ ದೆವ್ವದ ಕಥೆಗಳನ್ನು ಇಂಗ್ಲಿಷಿಗೆ ತಂದ ಲಾಫ್ಕಾಡಿಯೋ ಹರ್ನ್ ಅವರ ವಿಶ್ಲೇಷಣೆಯೂ ನಿಮಗೆ ನೆರವಾದೀತು. ಐದರ ಹರೆಯದಲ್ಲಿ ದೀಪವಿಲ್ಲದ ಕೋಣೆಯಲ್ಲಿ ಬಾಗಿಲು ಹಾಕಿ ಒಬ್ಬನನ್ನೇ ಮಲಗಿಸುತ್ತಿದ್ದುದನ್ನು ನೆನೆಯುತ್ತಾ, ದೆವ್ವದ ಭಯವೆಂದರೆ ಅದು ಕಂಡೀತೆಂಬ ಭಯವಲ್ಲ, ಮುಟ್ಟೀತೆಂಬ ಭಯ ಎಂದು ಅವರು ವಾದಿಸುತ್ತಾರೆ. ಹೊಸಬರ ಕಥೆಗಳಲ್ಲಿ ದೆವ್ವ ದೂರದಲ್ಲೇ ನಿಂತು ಕಾಣಿಸಿಕೊಳ್ಳುತ್ತದೆ, ನಗುತ್ತದೆ, ಮಾಯವಾಗುತ್ತದೆ. ಅದು ಎಷ್ಟು ಹತ್ತಿರ ಬರಬಲ್ಲದು ಎಂದು ಲೇಖಕ ಯೋಚಿಸಿಯೇ ಇರುವುದಿಲ್ಲ.

ನಾನು ಕಮ್ಮಟದಲ್ಲಿ ಕೇಳುವ ಪ್ರಶ್ನೆ ಒಂದೇ: ಮಲಗುವ ಮುನ್ನ ನೀವು ಎರಡನೆಯ ಸಲ ಹೋಗಿ ನೋಡುವುದು ಏನನ್ನು? ಕೆಲವರಿಗೆ ಗ್ಯಾಸಿನ ಗುಂಡಿ, ಕೆಲವರಿಗೆ ಚಿಲಕ, ಕೆಲವರಿಗೆ ಮಗುವಿನ ಉಸಿರು. ತನ್ನ ಬಾಲ್ಯ ಸುಖವಾಗಿತ್ತು ಎಂದವರೊಬ್ಬರು, ನಿದ್ದೆಹೋದ ಗಂಡನ ಮುಖವನ್ನು ನೋಡುತ್ತೇನೆ, ಅದು ಅವರದೇ ಮುಖ ಹೌದೋ ಎಂದು ಖಚಿತಪಡಿಸಿಕೊಳ್ಳಲು, ಎಂದು ಬರೆದಿದ್ದರು. ಉಳಿದವರೆಲ್ಲ ನಕ್ಕರು, ಆಮೇಲೆ ಸುಮ್ಮನಾದರು. ನೀವೂ ನಿಮ್ಮ ಉತ್ತರವನ್ನು ಬರೆದಿಡಿ. ಅದು ಯಾಕೆ ಎಂದು ವಿವರಿಸಲು ಹೋಗಬೇಡಿ. ಎರಡನೆಯ ಸಲ ಹೋಗಿ ನೋಡಿದಾಗ ಅದು ಇದ್ದಂತೆ ಇರಲಿಲ್ಲ ಎಂಬಲ್ಲಿಂದ ಕಥೆ ಆರಂಭಿಸಿ. ಬರೆಯುತ್ತಾ ಹೋದಂತೆ ಒಂದು ಕಡೆ ಇದನ್ನು ಮನೆಯವರು ಓದಬಾರದು ಅನ್ನಿಸುತ್ತದೆ. ಅಲ್ಲಿ ನಿಲ್ಲಿಸದೆ ಮುಗಿಸಿ. ಮುಗಿಸಿದ ಮೇಲೆ ಕಿಂಗ್ ಮಾಡಿದಂತೆ ಬೇಕಾದರೆ ಎತ್ತಿಡಿ.

ನಿದ್ರಾ ಕೇಂದ್ರದವರು, ಮತ್ತೊಮ್ಮೆ

ಒಂದು ಕೋರಿಕೆ. ಕನಸಿನಿಂದ ಕಥೆ ಸಿಗುತ್ತದೆ ಎಂದು ಓದಿ ಬೇಕೆಂದೇ ನಿದ್ದೆಗೆಡುವ ಬರಹಗಾರರನ್ನು ಕಂಡಿದ್ದೇನೆ. ನಿದ್ದೆಗೇಡು ಸ್ಲೀಪ್ ಪ್ಯಾರಾಲಿಸಿಸ್ ಅನ್ನು ಹೆಚ್ಚಿಸುತ್ತದೆ ನಿಜ, ಆದರೆ ಮರುದಿನ ಬರೆಯುವ ಚೈತನ್ಯ ಉಳಿಯುವುದಿಲ್ಲ. ಹಾಸಿಗೆಯ ಪಕ್ಕ ಒಂದು ಪುಸ್ತಕ, ಪೆನ್ಸಿಲ್ ಇಟ್ಟುಕೊಂಡು ಹೊತ್ತಿಗೆ ಸರಿಯಾಗಿ ಮಲಗಿ. ಕನಸು ಬಿದ್ದರೆ ಎದ್ದ ತಕ್ಷಣ, ಮೊಬೈಲ್ ಮುಟ್ಟುವ ಮೊದಲು, ಬರೆದುಕೊಳ್ಳಿ.